ಚೀಟಿಯ ಬಲಮೂಲೆ

ಸೂಲಿಬೆಲೆಯಿಂದ ಬೆಳಿಗ್ಗೆ ಏಳಕ್ಕೆ ಹೊರಡುವ ಕಂಪನಿ ಬಸ್ಸಿನಲ್ಲಿ ಪೂರ್ತಿ ಎಚ್ಚರವಾಗಿರುವವನು ಡ್ರೈವರ್ ಒಬ್ಬನೇ. ನಾಲ್ಕೂವರೆಗೆ ಎದ್ದು ಹಸು ಕರೆದು, ಸಾರಿಗೆ ಒಗ್ಗರಣೆ ಕೊಟ್ಟು, ಮಕ್ಕಳಿಗೆ ಜಡೆ ಹಾಕಿ ಓಡಿಬಂದ ಹೆಂಗಸರು ಸೀಟಿಗೆ ಒರಗುವುದೇ ತಡ, ಅವರ ತಲೆಗಳೆಲ್ಲ ಒಂದೇ ಲಯದಲ್ಲಿ ತೂಗತೊಡಗುತ್ತವೆ. ಕಿಟಕಿಯಾಚೆ ಮಂಜು. ಅದರೊಳಗಿಂದ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು, ಡೇರಿಯ ಮುಂದೆ ಸಾಲಿಗಿಟ್ಟ ಹಾಲಿನ ಕ್ಯಾನುಗಳು ಒಂದರ ಹಿಂದೊಂದು ಮೂಡಿ, ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಅಳಿಸಿಹೋಗುತ್ತವೆ.

ಪ್ರಮೋದಾಳಿಗೆ ಮಾತ್ರ ನಿದ್ದೆ ಬರುವುದಿಲ್ಲ. ಕಣ್ಣು ಮುಚ್ಚಿರುತ್ತದೆ, ಕಿವಿ ತೆರೆದಿರುತ್ತದೆ. ಹೊಸಕೋಟೆಯಲ್ಲಿ ಬಿ.ಎ. ಮುಗಿಸಿದ ವರ್ಷವೇ ಪಿಲ್ಲಗುಂಪೆಯ ಈ ಗಾರ್ಮೆಂಟ್ಸ್ ಸೇರಿದವಳು, ಹನ್ನೆರಡು ವರ್ಷವಾಯಿತು. ನಾಲ್ಕನೇ ಲೈನಿನಲ್ಲಿ ಚೆಕರ್. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ದಾರ ಸಡಿಲವಾಗಿದೆ ಎಂದು ಹುಡುಕಿ ಅಲ್ಲೊಂದು ಕೆಂಪು ಸ್ಟಿಕರ್ ಅಂಟಿಸುವುದು ಅವಳ ಕೆಲಸ. ತಪ್ಪು ಹುಡುಕಿ ಹುಡುಕಿ ಅವಳ ಕಣ್ಣಿಗೆ ಒಂದು ಚಾಳಿ ಬಿದ್ದುಹೋಗಿತ್ತು. ಮನೆಯಲ್ಲಿ ಮಗಳು ಸಿಂಚನ ನಕ್ಕರೂ, ಆ ನಗೆಯಲ್ಲಿ ಎಲ್ಲಾದರೂ ಒಂದು ಎಳೆ ಬಿಟ್ಟಿದೆಯೇ ಎಂದು ನೋಡುವಳು.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಅದು ಬಸ್ಸಿನಲ್ಲಿ ಒಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತಿಂಗಳಿಗೊಮ್ಮೆ ಬರುವ ನಾಲ್ಕು ಪುಟದ ಒಂದು ಪೇಪರು. ಹೆಸರು 'ಊಟದ ಗಂಟೆ'. ಕಾರ್ಖಾನೆಯ ಗೇಟಿನಲ್ಲಿ ಮೊಬೈಲುಗಳನ್ನು ಮರದ ಗೂಡಿನಲ್ಲಿಟ್ಟು ಒಳಗೆ ಹೋಗಬೇಕು. ಸಂಜೆವರೆಗೆ ಹೊರಗಿನ ಸುದ್ದಿ ಒಳಗಿಲ್ಲ, ಒಳಗಿನದು ಹೊರಗಿಲ್ಲ. ಆದರೆ ರೊಟ್ಟಿಗೆ ಸುತ್ತಿದ ಕಾಗದವನ್ನು ಯಾವ ಸೆಕ್ಯೂರಿಟಿಯೂ ಬಿಡಿಸಿ ನೋಡುವುದಿಲ್ಲ. ಹಾಗಾಗಿ ಪೇಪರು ರೊಟ್ಟಿಯ ಮೈಗೆ ಸುತ್ತಿಕೊಂಡು, ಎಣ್ಣೆ ಕುಡಿದು, ಬೆಚ್ಚಗೆ ಒಳಗೆ ಬರುತ್ತಿತ್ತು. ಮಧ್ಯಾಹ್ನ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿದಾಗ, ಎರಡನೇ ಲೈನಿನ ರಮ್ಯಶ್ರೀ ಅದನ್ನು ಜೋರಾಗಿ ಓದುವಳು. ಓದು ಬಾರದವರು, ಓದಲು ಸೋಮಾರಿತನ ಮಾಡುವವರು, ಓದಲು ಭಯಪಡುವವರು ಎಲ್ಲರೂ ಅಗಿಯುತ್ತಾ ಕೇಳುವರು. ಬಾತ್‌ರೂಮಿಗೆ ಹೋಗಲು ಟೋಕನ್ ಯಾಕೆ? ಬೈಯುವ ಸೂಪರ್‌ವೈಸರ್ ಬಗ್ಗೆ ಯಾರಿಗೆ ಹೇಳಬೇಕು? ಕೆಲಸಗಾರರ ಕಮಿಟಿಯಲ್ಲಿ ನಮ್ಮ ಪರವಾಗಿ ಕೂರುವವರನ್ನು ಕಂಪನಿಯೇ ಆರಿಸಿದರೆ ಅವರು ನಮ್ಮವರು ಹೇಗೆ? ಬರೆದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಬರೆಯುತ್ತಿದ್ದವಳು ಪ್ರಮೋದಾ. ಅದು ರಮ್ಯಶ್ರೀಗೆ ಗೊತ್ತು, ಹೊಸಕೋಟೆಯಲ್ಲಿ ಅದನ್ನು ಅಚ್ಚು ಹಾಕುವ ದೊಡ್ಡಮುನಿಯಪ್ಪನಿಗೆ ಗೊತ್ತು. ಅಷ್ಟೇ.

ಹನ್ನೊಂದು ತಿಂಗಳು ಆ ಪೇಪರು ಒಂದೇ ಮಾತನ್ನು ಬೇರೆ ಬೇರೆ ಥರ ಹೇಳಿತು: ಕಮಿಟಿಗೆ ನಾವೇ ವೋಟು ಹಾಕಬೇಕು, ಮುಚ್ಚಿದ ಚೀಟಿಯಲ್ಲಿ ಹಾಕಬೇಕು. ಅಲ್ಲಿಯವರೆಗಿನ ಪದ್ಧತಿ ಏನೆಂದರೆ, ಎಚ್.ಆರ್. ಆಫೀಸಿನ ಮನೋಹರ್ ಐದು ಹೆಸರು ಓದುವನು, ಎಲ್ಲರೂ ಚಪ್ಪಾಳೆ ತಟ್ಟುವರು. ಕೊನೆಗೆ ಒಂದು ದಿನ ಕಾರ್ಮಿಕ ಇಲಾಖೆಯವರು ಬಂದು ಹೋದ ಮೇಲೆ ಕಂಪನಿ ಒಪ್ಪಿತು. ಆ ತಿಂಗಳ 'ಊಟದ ಗಂಟೆ'ಯನ್ನು ಪ್ರಮೋದಾ ಹಬ್ಬದಡುಗೆ ಮಾಡುವಂತೆ ಬರೆದಳು. ಊರಿನ ಎಲೆಕ್ಷನ್ನಿನಲ್ಲಿ ಗುಂಡಿ ಒತ್ತಿಯೋ ಮುದ್ರೆ ಹಾಕಿಯೋ ಅಭ್ಯಾಸವಿರುವವರು ಇಲ್ಲಿ ಪೆನ್ನು ಹಿಡಿಯಬೇಕಾಗಿತ್ತು. ಅವರು ಹೆದರಬಾರದೆಂದು, ಎರಡು ದಿನ ಯೋಚಿಸಿ, ಮೂರು ಸಲ ಹೊಡೆದುಹಾಕಿ, ಕೊನೆಗೆ ಒಂದು ಸಾಲು ಕೂರಿಸಿದಳು: 'ಭಯ ಬೇಡ, ದಿನಾ ಔಟ್‌ಪಾಸ್ ಚೀಟಿ ತುಂಬಿದಷ್ಟೇ ಸುಲಭ.'

ಗೇಟಿನಿಂದ ಹೊರಗೆ ಹೋಗಲು ತುಂಬುವ ಔಟ್‌ಪಾಸ್ ಚೀಟಿಯ ಬಲಮೂಲೆಯಲ್ಲಿ ಮೊದಲು ತಮ್ಮ ಕೆಲಸದ ಟೋಕನ್ ನಂಬರ್ ಬರೆಯಬೇಕು. ರಜೆ ಚೀಟಿಯಲ್ಲೂ ಹಾಗೆಯೇ, ಬಂಡಲ್ ಚೀಟಿಯಲ್ಲೂ ಹಾಗೆಯೇ. ಆ ಕಾರ್ಖಾನೆಯಲ್ಲಿ ಯಾವ ಕಾಗದ ಕೈಗೆ ಬಂದರೂ ಕೈ ತಾನಾಗಿ ಬಲಮೂಲೆಗೆ ಹೋಗುತ್ತದೆ. ವೋಟಿನ ದಿನ ಇನ್ನೂರ ಹನ್ನೆರಡು ಜನರಲ್ಲಿ ನೂರ ಅರವತ್ತು ಜನ, ಅಚ್ಚುಕಟ್ಟಾಗಿ, ಬಲಮೂಲೆಯಲ್ಲಿ ತಮ್ಮ ತಮ್ಮ ನಂಬರ್ ಬರೆದು, ಕೆಳಗೆ ವೋಟು ಹಾಕಿ, ನಾಲ್ಕು ಮಡಿಕೆ ಮಡಚಿ ಡಬ್ಬಕ್ಕೆ ಹಾಕಿದರು.

ಪ್ರಮೋದಾ ನಂಬರ್ ಬರೆಯಲಿಲ್ಲ. ತಾನು ಬರೆಯಲಿಲ್ಲವಾದ್ದರಿಂದ ಬೇರೆಯವರೂ ಬರೆಯಲಾರರು ಎಂದುಕೊಂಡಿದ್ದಳು. ಓದಿದವರ ತಪ್ಪು ಅದು.

ಸಂಜೆ ಮನೋಹರ್ ಮೈಕು ಹಿಡಿದು ನಿಂತ. ದನಿ ಎತ್ತುವ ಮನುಷ್ಯನಲ್ಲ ಅವನು. "ನೋಡ್ರಮ್ಮ, ಗುಟ್ಟು ಬೇಕು ಅಂತ ಕೇಳ್ದೋರು ನೀವೇ, ನಂಬರ್ ಬರ್ದೋರೂ ನೀವೇ. ಗುರುತಿರೋ ಚೀಟಿ ಲೆಕ್ಕಕ್ಕಿಲ್ಲ. ವೋಟು ರದ್ದು. ನಮ್ದೆಲ್ಲಾ ಒಂದೇ ಫ್ಯಾಮಿಲಿ ಅಲ್ವಾ, ಮೊದ್ಲಿನ ಥರಾನೇ ಇರ್ಲಿ ಬಿಡಿ." ಚೀಟಿಗಳ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಆಫೀಸಿನೊಳಗೆ ಹೋದ. ಗಾಜಿನ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಯಾರು ಯಾರಿಗೆ ಹಾಕಿದರೆಂಬುದು ಆ ಬಾಗಿಲಿನಾಚೆ ಉಳಿಯಿತು.

ಮಾರನೇ ದಿನ ಬಸ್ಸಿನಲ್ಲಿ ಪ್ರಮೋದಾಳ ಪಕ್ಕದ ಸೀಟಿನ ಮುತ್ತಮ್ಮ ನಿದ್ದೆ ಮಾಡಲಿಲ್ಲ. ಐವತ್ತು ದಾಟಿದ ಹೆಂಗಸು, ಕಾಲರ್ ಹೊಲಿಯುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ. ಹತ್ತು ವರ್ಷದಿಂದ ಇಬ್ಬರದೂ ಅದೇ ಸೀಟು.

"ನಿನ್ನೆ ಹೊರಡೋ ಹೊತ್ಗೆ ನನ್ನ ಮಿಷಿನ್ ಬಿಡಿಸ್ಬಿಟ್ರು ಕಣೇ. ಇವತ್ತಿಂದ ಐರನ್ ಸೆಕ್ಷನ್ ಅಂತೆ."

"ಯಾಕಂತೆ ಮುತ್ತಕ್ಕ?" ಎಂದಳು ಪ್ರಮೋದಾ.

"ಯಾಕೆ ಅಂತ ಯಾವನ್ ಹೇಳ್ತಾನೆ? ನಾನು ರಮ್ಯಶ್ರೀಗೆ ಹಾಕಿದ್ದೆ. ಮೇಲ್ಗಡೆ ನಂಬರ್ ದಪ್ಪಕ್ಕೆ ಬರ್ದಿದ್ದೆ, ಅಳಿಸಿ ಹೋಗ್ಬಾರ್ದು ಅಂತ." ಮುತ್ತಮ್ಮ ಕಿಟಕಿಯ ಮಂಜಿಗೇ ಹೇಳುವಂತೆ ಹೇಳಿದಳು. "ಆ ಪೇಪರ್ ಬರ್ದಿರೋ ಮುಂಡೇಗಂಡ ನನ್ ಕೈಗೆ ಸಿಗ್ಲಿ, ಆವಿ ಪೆಟ್ಟಿಗೇಲಿ ಅವನ ಬೆರಳಿಗೆ ಇಸ್ತ್ರಿ ಹಾಕ್ತೀನಿ. ಔಟ್‌ಪಾಸ್ ಥರ ಅಂತೆ! ಕಂಪನಿಯೋರೇ ದುಡ್ಡು ಕೊಟ್ಟು ಬರೆಸವ್ರೆ ಅಂತ ಎಲ್ರೂ ಅಂತಾವ್ರೆ. ಇಲ್ದಿದ್ರೆ ಹೆಸರ್ಯಾಕೆ ಹಾಕಲ್ಲ?"

"ಗೊತ್ತಿಲ್ದೆ ಬರ್ದಿರಬಹುದು."

"ಗೊತ್ತಿಲ್ದೋರು ಯಾಕೆ ಬರೀಬೇಕು?"

ಪ್ರಮೋದಾ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಹಿಂದೆ ಒಂದು ಬಿಳಿಯ ಮೂಲೆ ಕಂಡಿತು. ಅದರ ಮೇಲೆ ನಂಬರುಗಳು ಇರುವೆಗಳ ಹಾಗೆ ಹರಿದು ಬಂದು ಸಾಲು ಕಟ್ಟುತ್ತಿದ್ದವು.

ಆ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಒಂದೇ ಒಂದು ರೊಟ್ಟಿಯೂ ಕಾಗದದಲ್ಲಿ ಬರಲಿಲ್ಲ. ಎಲ್ಲರ ಡಬ್ಬಿಯಲ್ಲೂ ಪ್ಲಾಸ್ಟಿಕ್ ಕವರು. ಅವು ಗಾಳಿಗೆ ಸರಪರ ಎನ್ನುತ್ತಿದ್ದವು. ರಮ್ಯಶ್ರೀ ಓದಲು ಏನೂ ಇಲ್ಲದೆ ಸುಮ್ಮನೆ ಅನ್ನ ಕಲಸುತ್ತಿದ್ದಳು. ಕೈ ತೊಳೆಯುವಾಗ ಪ್ರಮೋದಾಳ ಪಕ್ಕಕ್ಕೆ ಬಂದು ನಲ್ಲಿಯ ಸದ್ದಿನೊಳಗೆ ಹೇಳಿದಳು:

"ಅಕ್ಕ, ನಿನ್ನೆ ರಾತ್ರಿ ಇಲಾಖೆ ಮೇಡಂನ ಫೋನಲ್ಲಿ ಕೇಳ್ದೆ. ಅರ್ಧಕ್ಕಿಂತ ಜಾಸ್ತಿ ಜನ ಹೆಸರು, ನಂಬರ್, ಸಹಿ ಹಾಕಿ ಬರ್ಕೊಟ್ರೆ ಇನ್ನೊಂದ್ಸಲ ವೋಟು ನಡೆಸ್ತಾರಂತೆ. ಹದಿನೈದು ದಿನದೊಳಗೆ. ನೂರಾ ಏಳು ಸಹಿ ಬೇಕು. ಯಾರ್ ಹಾಕ್ತಾರೆ ಹೇಳಿ? ನನ್ನನ್ನೇ ಅನುಮಾನದಲ್ಲಿ ನೋಡ್ತಾವ್ರೆ."

"ನಾನೇ ಬರೆದಿದ್ದು ಅಂತ ಹೇಳ್ಬಿಟ್ಟೆಯಾ?"

"ಇಲ್ಲಕ್ಕ. ಅದು ನೀವು ಹೇಳೋದು." ರಮ್ಯಶ್ರೀ ನಲ್ಲಿ ನಿಲ್ಲಿಸಿದಳು.

ಭಾನುವಾರ ಪ್ರಮೋದಾ ಹೊಸಕೋಟೆಗೆ ಹೋದಳು. ದೊಡ್ಡಮುನಿಯಪ್ಪನ ಪ್ರೆಸ್ಸು ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಇವೇ ಅವನ ಜೀವನ. ಯೌವನದಲ್ಲಿ ಬೆಂಗಳೂರಿನ ಒಂದು ಕಾರ್ಮಿಕರ ಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದನಂತೆ. ಆ ಪತ್ರಿಕೆ ನಿಂತು ಯಾವ ಕಾಲವಾಯಿತೋ. ಅದರ ಸೀಸದ ಅಕ್ಷರಗಳ ಒಂದು ಖಾನೆ ಮಾತ್ರ ಮೇಜಿನ ಕೆಳಗೆ ಉಳಿದಿತ್ತು. ಮಳೆ ಬರುವ ಮುಂಚಿನ ಮಣ್ಣಿಗೆ ಕಬ್ಬಿಣ ಕಲಸಿದಂಥ ಒಂದು ವಾಸನೆ ಅದಕ್ಕೆ. ಪ್ರಮೋದಾ ಬಂದಾಗಲೆಲ್ಲ ಅದರಲ್ಲಿ ಬೆರಳಾಡಿಸುವಳು.

"ಬಾರಮ್ಮ. ಮುಖ ಯಾಕೆ ಹಿಂಗಾಗೈತೆ?"

ಎಲ್ಲ ಹೇಳಿದಳು. ದೊಡ್ಡಮುನಿಯಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೇಳಿಸಿಕೊಂಡ.

"ನಲವತ್ತು ವರ್ಷದಿಂದ ಮದ್ವೆ ಕಾರ್ಡು ಹಾಕ್ತಾ ಇವ್ನಿ. ಸೋದರಮಾವನ ಹೆಸರು ಬಿಟ್ಟೋದ್ರೆ ಛತ್ರದಲ್ಲೇ ಹೊಡೆದಾಟ. ನಾಯಿ ಹೆಸರು ಹಾಕು ಅಂದೋರೂ ಅವ್ರೆ. ಹೆಸರು ಬಿಡು, ಹೆಸರು ಬಿಡು ಅಂತ ಪ್ರತಿ ತಿಂಗಳೂ ಬೇಡ್ಕಳೋ ಗಿರಾಕಿ ನೀನೊಬ್ಬಳೇ ಕಣಮ್ಮ."

"ನಂಗೆ ಮಗಳವ್ಳೆ ಅಣ್ಣ. ಕೆಲಸ ಹೋದ್ರೆ?"

"ಹೋಗ್ಬಹುದು. ಹೋಗಲ್ಲ ಅಂತ ನಾನ್ಯಾಕೆ ಸುಳ್ಳು ಹೇಳ್ಲಿ?" ಅವನು ಖಾನೆಯಿಂದ ಒಂದು ಸೀಸದ ಅಕ್ಷರ ಎತ್ತಿ ಅವಳ ಅಂಗೈಗಿಟ್ಟ. ಅದು 'ಪ'. ಕನ್ನಡಿಯೊಳಗಿನ ಹಾಗೆ ತಿರುಗಿದ್ದ ಪ. "ಆವಾಗ ಮಿಲ್ಲಿನ ಗೇಟ್ ಮುಂದೆ ಟೀ ಅಂಗಡೀಲಿ ಒಬ್ಬ ನಮ್ ಪೇಪರ್ ಓದ್ತಿದ್ದ, ನಲವತ್ತು ಜನ ಕೇಳ್ತಿದ್ರು. ಮೊದ್ಲು ಓದೋದು ಏನು ಗೊತ್ತಾ? ಕೊನೇ ಸಾಲು. ಸಂಪಾದಕರು ಇಂಥೋರು, ಇಂಥಾ ಬೀದಿ. ಆ ಬೀದಿ ಎಲ್ರಿಗೂ ಗೊತ್ತಿತ್ತು. ತಪ್ಪು ಬರೆದ್ರೆ ಸಂಜೆ ಹೋಗಿ ಬಾಗಿಲು ತಟ್ಟಿ ಉಗೀತಿದ್ರು. ಉಗಿಯೋಕೆ ಬಾಗಿಲಿದೆ ಅಂತ್ಲೇ ನಂಬ್ತಿದ್ರು."

"ಚೀಟೀಲಿ ಹೆಸರು ಬರೀಬೇಡಿ ಅಂತ ನಾನೇ ಹೇಳ್ಬೇಕು. ಹೇಳೋ ನಾನು ಹೆಸರು ಹಾಕ್ಬೇಕಾ?"

"ಚೀಟಿ ಒಬ್ಬೊಬ್ಬರದು ಕಣಮ್ಮ. ಪೇಪರು ಎಲ್ಲರದು. ಎಲ್ಲರ ಮುಂದೆ ಮುಸುಕು ಹಾಕ್ಕೊಂಡು ಮಾತಾಡಿದ್ರೆ ಯಾರ್ ನಂಬ್ತಾರೆ?"

ಮನೆಗೆ ಬರುವಾಗ ಬಸ್ಸಿನಲ್ಲಿ, ಅಪರೂಪಕ್ಕೆ, ಅವಳಿಗೆ ನಿದ್ದೆ ಬಂತು. ಕನಸಿನಲ್ಲಿ ಅವಳ ಬೆಳಗಿನ ಬಸ್ಸು ಮಂಜಿನ ಮೇಲೆ ಸಾಗುತ್ತಿತ್ತು, ಚಕ್ರಕ್ಕೆ ರಸ್ತೆ ತಗಲುತ್ತಿರಲಿಲ್ಲ. ಎಲ್ಲ ಹೆಂಗಸರ ಮಡಿಲಲ್ಲೂ ಸೀಸದ ಅಕ್ಷರಗಳು, ಕಾಳು ಆರಿಸುವಂತೆ ಆರಿಸುತ್ತಿದ್ದರು. ಮುತ್ತಮ್ಮ ಕೇಳುತ್ತಿದ್ದಳು: ಇದು ಯಾರದು, ಈ ಅಕ್ಷರ ಯಾರದು, ಇಳಿಯುವ ಮುಂಚೆ ತಗೊಳ್ರೇ. ಯಾರೂ ಕೈ ಚಾಚಲಿಲ್ಲ. ಎಚ್ಚರವಾದಾಗ ಪ್ರಮೋದಾಳ ಮುಷ್ಟಿ ಬಿಗಿದಿತ್ತು. ಒಳಗೆ ಆ 'ಪ' ಇತ್ತು, ಹಿಂದಿರುಗಿಸಲು ಮರೆತಿದ್ದಳು. ಅಂಗೈಯಲ್ಲಿ ಅದರ ಗುರುತು ಕೆಂಪಗೆ ಒತ್ತಿತ್ತು, ಈಗ ಸರಿಯಾಗಿ ಓದಬಹುದಿತ್ತು.

ಆ ಸಂಜೆ, ಸಿಂಚನ ಎದುರಿಗೆ ಕೂತು ಮಗ್ಗಿ ಬರೆಯುತ್ತಿರುವಾಗ, ಅವಳೂ ಬರೆದಳು. ಈ ಸಲ ಏನನ್ನೂ ಹೊಡೆದುಹಾಕಲಿಲ್ಲ.

'ಔಟ್‌ಪಾಸ್ ಚೀಟಿ ತುಂಬಿದಷ್ಟೇ ಸುಲಭ ಎಂದು ಬರೆದವಳು ನಾನು. ನೀವು ನನ್ನ ಮಾತು ನಂಬಿ ಹಾಗೇ ಮಾಡಿದಿರಿ. ತಪ್ಪು ನನ್ನದು, ನಿಮ್ಮದಲ್ಲ. ನನಗೆ ಯಾರೂ ದುಡ್ಡು ಕೊಟ್ಟಿಲ್ಲ. ಬೈಯಬೇಕಾದರೆ ಹುಡುಕಬೇಕಾಗಿಲ್ಲ, ನಾನು ನಿಮ್ಮ ಜೊತೆಗೇ ಊಟ ಮಾಡುವವಳು. ಹಿಂದಿನ ಪುಟದಲ್ಲಿ ಮತ್ತೆ ವೋಟು ಕೇಳುವ ಅರ್ಜಿ ಇದೆ. ಅಲ್ಲಿ ಹೆಸರು, ನಂಬರ್, ಸಹಿ ಮೂರೂ ಬರೆಯಿರಿ. ವೋಟಿನ ಚೀಟಿಯಲ್ಲಿ ಬಲಮೂಲೆ ಖಾಲಿ ಬಿಡಿ. ಅದು ಯಾರದೂ ಅಲ್ಲ.' ಕೆಳಗೆ: 'ಪ್ರಮೋದಾ, ನಾಲ್ಕನೇ ಲೈನ್, ಚೆಕರ್, ಟೋಕನ್ ೮೭೨.'

"ಅಮ್ಮ, ನಿನ್ನ ಹೆಸರು ಯಾಕೆ ಬರ್ಕೊಂಡೆ?" ಎಂದಳು ಸಿಂಚನ.

"ಪರೀಕ್ಷೆ ಪೇಪರಲ್ಲಿ ಬರೆಯಲ್ವಾ ನೀನು?"

"ನಾವು ನಂಬರ್ ಮಾತ್ರ ಬರಿಯೋದು," ಎಂದು ಮಗಳು ಮಗ್ಗಿಗೆ ಮರಳಿದಳು.

ಬುಧವಾರ ಪೇಪರು ಬಂತು. ಬಸ್ಸಿನಲ್ಲಿ ರಮ್ಯಶ್ರೀ ಒಂದೊಂದು ಸೀಟಿಗೂ ಒಂದೊಂದು ಇಟ್ಟುಕೊಂಡು ಹೋದಳು. ಇಷ್ಟು ದಿನ ಕದ್ದು ಹಂಚುತ್ತಿದ್ದದ್ದನ್ನು ಅವಳು ಹಾಗೆ ಬಹಿರಂಗವಾಗಿ ಕೊಡುವುದನ್ನು ಕಂಡು ಹೆಂಗಸರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು. ಹಿಂದಿನ ಸೀಟಿನ ದ್ಯಾವಮ್ಮ ಕೂಡಿಸಿ ಕೂಡಿಸಿ ಓದಿದಳು. "ಪ್ರ... ಮೋ..." ಅಲ್ಲಿಗೆ ನಿಲ್ಲಿಸಿದಳು. ಮುತ್ತಮ್ಮ ಪೇಪರನ್ನೂ ನೋಡಲಿಲ್ಲ, ಪ್ರಮೋದಾಳನ್ನೂ ನೋಡಲಿಲ್ಲ. ಎದ್ದು, ಡ್ರೈವರ್ ಹಿಂದಿನ ಕಂಬಿ ಹಿಡಿದು, ಪಿಲ್ಲಗುಂಪೆಯವರೆಗೂ ನಿಂತೇ ಹೋದಳು.

ಹತ್ತು ಗಂಟೆಗೆ ಮನೋಹರ್ ಕರೆಸಿದ. ಮೇಜಿನ ಮೇಲೆ ಪೇಪರು ನೀಟಾಗಿ ಮಡಚಿಟ್ಟಿತ್ತು.

"ಪ್ರಮೋದಾ ಅವ್ರೇ, ನೀವು ಡಿಗ್ರಿ ಮಾಡಿರೋರು. ಸೂಪರ್‌ವೈಸರ್ ಲಿಸ್ಟಲ್ಲಿ ನಿಮ್ಮ ಹೆಸರಿತ್ತು, ಗೊತ್ತಾ?"

"ಯಾವ ಲಿಸ್ಟು ಸಾರ್?"

"ಇತ್ತು ಅಂದೆ." ನಕ್ಕ. "ಇದನ್ನ ನಾನು ಬರೆದಿಲ್ಲ, ಯಾರೋ ನನ್ನ ಹೆಸರು ಹಾಕವ್ರೆ ಅಂತ ಒಂದು ಲೆಟರ್ ಕೊಟ್ಬಿಡಿ. ಮುಗೀತು."

ಗೋಡೆಯ ಪಕ್ಕದ ಕಬ್ಬಿಣದ ಬೀರುವಿನ ಮೇಲೆ ವೋಟಿನ ಡಬ್ಬ ಇತ್ತು. ಪ್ರಮೋದಾ ಅದನ್ನೇ ನೋಡಿದಳು.

"ನಾನೇ ಬರ್ದಿದ್ದು ಸಾರ್," ಎಂದಳು.

ಮಧ್ಯಾಹ್ನದೊಳಗೆ ಅವಳಿಗೆ ಒಂದು ನೋಟಿಸು ಬಂತು, ಏಳು ದಿನದಲ್ಲಿ ಉತ್ತರ ಕೊಡಬೇಕೆಂದು. ಅದರ ಜೊತೆಗೇ ಚೆಕಿಂಗ್ ಟೇಬಲ್ಲಿನಿಂದ ಐರನ್ ಸೆಕ್ಷನ್ನಿಗೆ ಬದಲಿಯೂ ಆಯಿತು.

ಐರನ್ ಸೆಕ್ಷನ್ನಿನಲ್ಲಿ ಆವಿ. ಹನ್ನೆರಡು ಪೆಟ್ಟಿಗೆಗಳು ಒಟ್ಟಿಗೆ ಉಸಿರು ಬಿಟ್ಟರೆ ಎದುರಿಗಿದ್ದವರ ಮುಖ ಮಸುಕಾಗುತ್ತದೆ; ಬೆಳಗಿನ ಬಸ್ಸಿನ ಮಂಜೇ ಒಳಗೆ ಬಂದು ಬಿಸಿಯಾದ ಹಾಗೆ. ಆ ಬಿಳುಪಿನಾಚೆ ಮುತ್ತಮ್ಮನ ಕೈಗಳು ಮಾತ್ರ ಕಾಣುತ್ತಿದ್ದವು. ಕಾಲರಿನ ಮೇಲೆ ಹೋಗುತ್ತಿದ್ದವು, ಬರುತ್ತಿದ್ದವು. ಎರಡು ದಿನದಲ್ಲಿ ಪ್ರಮೋದಾ ಎರಡು ಸಲ "ಮುತ್ತಕ್ಕ" ಎಂದಳು. ಎರಡು ಸಲವೂ ಪೆಟ್ಟಿಗೆ ಬುಸ್ ಎಂದಿತು.

ಮೂರನೇ ದಿನ ಊಟದ ಗಂಟೆ ಹೊಡೆದಾಗ ಪ್ರಮೋದಾ ಹೊಂಗೆ ಮರದಿಂದ ದೂರದಲ್ಲಿ, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದಳು. ಮುತ್ತಮ್ಮ ಬಂದು ಎದುರಿಗೆ ನಿಂತಳು. ಕೈಯಲ್ಲಿ ಕಾಗದದ ಪೊಟ್ಟಣ. ಪೊಟ್ಟಣದ ಹೊರಮೈಯಲ್ಲಿ 'ಊಟದ ಗಂಟೆ' ಎಂಬ ತಲೆಬರಹ.

"ತಗೋ."

"ಏನಕ್ಕ ಇದು?"

"ಅಕ್ಕಿ ರೊಟ್ಟಿ. ಬಿಚ್ಚಿ ನೋಡು."

ಬಿಚ್ಚಿದಳು. ಬೆಳಿಗ್ಗೆ ಬಿಸಿಬಿಸಿ ಸುತ್ತಿದ್ದರಿಂದ ಶಾಯಿ ರೊಟ್ಟಿಗೆ ಇಳಿದಿತ್ತು. ಬೆಳ್ಳನೆಯ ರೊಟ್ಟಿಯ ಮೇಲೆ ಕನ್ನಡಿಯೊಳಗಿನ ಹಾಗೆ ತಿರುಗಿಕೊಂಡು, ಮಸುಕಾಗಿ ಅವಳ ಹೆಸರು, ಪಕ್ಕದಲ್ಲಿ ಅವಳ ನಂಬರು.

"ಬೆರಳಿಗೆ ಇಸ್ತ್ರಿ ಹಾಕ್ತೀನಿ ಅಂದಿದ್ದೆ," ಎಂದಳು ಮುತ್ತಮ್ಮ. "ಅಷ್ಟೊತ್ತೂ ನನ್ನ ಪಕ್ಕದಲ್ಲೇ ಕುಂತಿದ್ದಲ್ಲೇ, ಕಳ್ಳಿ! ಹತ್ತು ವರ್ಷ ಒಂದೇ ಸೀಟಲ್ಲಿ ಬಂದೋಳು ಒಂದು ಮಾತು ಹೇಳಕ್ಕಾಗ್ಲಿಲ್ವಾ? ನಾನಿನ್ನೂ ಕೋಪದಲ್ಲೇ ಇವ್ನಿ, ತಿಳ್ಕೋ. ತಿನ್ನು ಈಗ. ನಿನ್ನ ಹೆಸರು ನೀನೇ ನುಂಗು."

ಪ್ರಮೋದಾ ಒಂದು ತುಂಡು ಮುರಿದಳು. ಶಾಯಿಯ ಸಣ್ಣ ಕಹಿ, ಆಮೇಲೆ ಈರುಳ್ಳಿ, ಕೊತ್ತಂಬರಿ. ಅವಳಿಗೆ ಅಳು ಬಂತು, ಅದರ ಜೊತೆ ಹಸಿವೂ ಬಂತು.

"ಕಾಗದ ಬಿಸಾಕ್ಬೇಡ," ಮುತ್ತಮ್ಮ ಅದನ್ನು ಕಿತ್ತುಕೊಂಡು ಹಿಂದಿನ ಪುಟ ತಿರುಗಿಸಿ ಕಟ್ಟೆಯ ಮೇಲೆ ಹರಡಿದಳು. ಎಣ್ಣೆ ಇಳಿದು ಅರ್ಜಿಯ ಅಕ್ಷರಗಳು ಗಾಜಿನ ಮೇಲೆ ಬರೆದಂತೆ ಹೊಳೆಯುತ್ತಿದ್ದವು. ಕೆಳಗೆ, ದಪ್ಪಕ್ಕೆ, ಅಳಿಸಿಹೋಗಬಾರದೆಂಬಂತೆ, ಮುತ್ತಮ್ಮನ ಹೆಸರು, ನಂಬರು, ಸಹಿ. "ಇಲ್ಲಿ ಬರೀಬೇಕು ತಾನೇ? ಇಲ್ಲೂ ಏನಾದ್ರೂ ಎಡವಟ್ಟು ಹೇಳಿದ್ರೆ ನೋಡು ಮತ್ತೆ!"

ಹೊಂಗೆ ಮರದ ಕಡೆಯಿಂದ ದ್ಯಾವಮ್ಮ ಕೂಗಿದಳು, "ಏಯ್ ಮುತ್ತಿ, ಪೆನ್ನು ಇತ್ಲಾಗೆ ಕೊಡೇ!"

ಇಲಾಖೆಗೆ ಹೋದ ಅರ್ಜಿಗಳಲ್ಲಿ ಒಂದೂ ಚೊಕ್ಕಟವಾಗಿರಲಿಲ್ಲವಂತೆ. ನೂರ ಮೂವತ್ತೊಂದು ಹಾಳೆಗಳು. ಕೆಲವಕ್ಕೆ ಅರಿಶಿನ, ಕೆಲವಕ್ಕೆ ಚಟ್ನಿ, ಒಂದಕ್ಕೆ ಮೊಸರು. ಮೇಡಂ ಕವರು ತೆರೆದಾಗ ಆಫೀಸೆಲ್ಲ ಒಗ್ಗರಣೆಯ ವಾಸನೆ ಎಂದು ರಮ್ಯಶ್ರೀ ನಕ್ಕು ನಕ್ಕು ಹೇಳಿದಳು. "ಇದು ಅರ್ಜಿನೋ ಬುತ್ತಿನೋ" ಎಂದರಂತೆ ಅವರು. ಎಣಿಸಿ ತೆಗೆದುಕೊಂಡರಂತೆ.

ಎರಡನೇ ವೋಟು ಒಂದು ಶನಿವಾರ ಬೆಳಿಗ್ಗೆ, ಕ್ಯಾಂಟೀನಿನಲ್ಲಿ. ಈ ಸಲ ಡಬ್ಬದ ಪಕ್ಕ ಇಲಾಖೆಯ ಮೇಡಂ ಕೂತಿದ್ದರು. ಕಟಿಂಗ್ ಸೆಕ್ಷನ್ನಿನಿಂದ ತಂದ ತಿಳಿನೀಲಿ ಬಟ್ಟೆಯನ್ನು ಎರಡು ಕಡೆ ಕಟ್ಟಿ ಪರದೆ ಮಾಡಿದ್ದರು. ಬೆಳಕು ಅದರೊಳಗಿಂದ ಸೋರಿ, ಒಳಗೆ ಹೋದವರೆಲ್ಲ ನೀರಿನಡಿ ನಿಂತವರ ಹಾಗೆ ಕಾಣುತ್ತಿದ್ದರು.

ಪ್ರಮೋದಾಳ ನೋಟಿಸಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಮುಂದಿನ ವಾರ ವಿಚಾರಣೆ. ಅದರಲ್ಲಿ ಏನಾಗುತ್ತದೋ ಗೊತ್ತಿರಲಿಲ್ಲ. ಸರದಿ ಬಂದಾಗ ಚೀಟಿ ಹಿಡಿದು ಪರದೆಯ ಹಿಂದೆ ಹೋದಳು. ಕಾಗದವನ್ನು ಹಲಗೆಯ ಮೇಲಿಟ್ಟು ಪೆನ್ನು ತೆಗೆದಳು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳ ಕೈ ಬಲಮೂಲೆಗೆ ಹೋಗಿತ್ತು. ಹೋದ ಸಲ ಹೋಗದಿದ್ದ ಕೈ. ಎಂಟು ಬರೆಯಲು ಬೆರಳು ಬಾಗಿತ್ತು. ಹನ್ನೆರಡು ವರ್ಷ ತನ್ನ ಕೈಯೊಳಗೆ ಬೇರೆ ಯಾರೋ ಕೂತಿದ್ದ ಹಾಗೆ. ಪೆನ್ನಿನ ಮೊನೆ ಕಾಗದಕ್ಕೆ ತಗಲುವುದಕ್ಕೆ ಕೂದಲೆಳೆಯಷ್ಟು ದೂರ.

ಪಕ್ಕದ ಪರದೆಯ ಹಿಂದಿನಿಂದ ಮುತ್ತಮ್ಮನ ದನಿ ಕೇಳಿತು:

"ಅಯ್ಯಯ್ಯೋ, ಕೈ ಅಲ್ಲಿಗೇ ಹೋಗ್ತೈತಲ್ರೇ!"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಕೈ ಹಿಡ್ಕೊಳೇ ಮುತ್ತಿ!" ಎಂದರು ಇನ್ಯಾರೋ. ನಗು ಕ್ಯಾಂಟೀನಿನ ತುಂಬ ಹರಡಿತು. ಗೋಡೆಗೆ ಒರಗಿ ನಿಂತಿದ್ದ ಮನೋಹರ್ ಒಬ್ಬನೇ ನಗಲಿಲ್ಲ. "ಒಳಗಡೆ ಮಾತಾಡ್ಬಾರ್ದಮ್ಮ," ಎಂದು ಮೇಡಂ ಗದರಿದರು, ಆದರೆ ಅವರ ದನಿಯೂ ಅಲುಗುತ್ತಿತ್ತು.

ಪ್ರಮೋದಾ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೆಳಗೆ ತಂದಳು. ವೋಟು ಹಾಕಿದಳು. ಮಡಚುವ ಮುಂಚೆ ಹಳೇ ಚಾಳಿಯಂತೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನೀಲಿ ಬೆಳಕಿನಲ್ಲಿ ಬಲಮೂಲೆ ಖಾಲಿಯಾಗಿತ್ತು, ಬೆಳಗಿನ ಬಸ್ಸಿನ ಕಿಟಕಿಯ ಹಾಗೆ, ಇನ್ನೇನು ಏನೋ ಮೂಡುವ ಹಾಗೆ.

ಮಧ್ಯಾಹ್ನ ಎಣಿಕೆ ನಡೆಯಿತು. ಮೇಡಂ ಒಂದೊಂದೇ ಚೀಟಿ ಬಿಡಿಸಿ ಎಲ್ಲರಿಗೂ ತೋರಿಸಿ ಮೇಜಿನ ಮೇಲಿಟ್ಟರು. ಯಾರಿಗೆ ಎಷ್ಟು ಬಂತೆಂದು ರಮ್ಯಶ್ರೀ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಅವಳ ಹೆಸರಿಗೇ ಹೆಚ್ಚು ಬೀಳುತ್ತಿತ್ತು. ಪ್ರಮೋದಾ ಲೆಕ್ಕ ಹಾಕಲಿಲ್ಲ. ಅವಳು ಮೂಲೆಗಳನ್ನಷ್ಟೇ ನೋಡುತ್ತಿದ್ದಳು. ಬಿಳಿ. ಬಿಳಿ. ಬಿಳಿ.

"ಏನೇ, ಅಂಗಿ ಚೆಕ್ ಮಾಡಿದ ಹಾಗೆ ಮಾಡ್ತಾ ಇದ್ದೀಯ?" ಮುತ್ತಮ್ಮ ಅವಳ ಪಕ್ಕೆಗೆ ತಿವಿದಳು. "ಸಿಕ್ತಾ ಎಲ್ಲಾದ್ರೂ?"

"ಇಲ್ಲಕ್ಕ," ಎಂದಳು ಪ್ರಮೋದಾ. ಕಣ್ಣು ತೆಗೆಯಲಿಲ್ಲ. "ಇನ್ನೂ ಐವತ್ತು ಚೀಟಿ ಇದೆ. ಸುಮ್ನಿರು."